ಚಹಾ ಕೇಕು: ತಲೆಗೊಂದು

ಅಕ್ಕಂದಿರೇ, ಸಂಘದ ಸಭೆಗೆ 12 ಮಂದಿ ಬರ್ತಾರೆ. ಏನಾದರೂ ಸಿಹಿ ಬೇಕು. ಕೇಕು ಮಾಡೋಣವೇ?

"ನಮ್ಮ ಮನೇಲಿ ಓವನ್ ಎಲ್ಲಿದೆ ಟೀಚರ್?" ಅಂತೀರಾ? ಇಡ್ಲಿ ಪಾತ್ರೆ ಸಾಕು.

ಬೇಕಾದ ಸಾಮಾನು:

ಮೈದಾ ಹಿಟ್ಟು – 1 ಲೋಟ
ಸಕ್ಕರೆ – ಅರ್ಧ ಲೋಟ
ಹುಳಿ ಮೊಸರು – ಅರ್ಧ ಲೋಟ
ಎಣ್ಣೆ – ಕಾಲು ಲೋಟ
ಚಹಾ ಪುಡಿ – 2 ಸಣ್ಣ ಚಮಚ
ಅಡುಗೆ ಸೋಡ – ಅರ್ಧ ಸಣ್ಣ ಚಮಚ
ಏಲಕ್ಕಿ – 2

ಅರ್ಧ ಲೋಟ ನೀರಿಗೆ ಚಹಾ ಪುಡಿ, ಜಜ್ಜಿದ ಏಲಕ್ಕಿ ಹಾಕಿ ಕುದಿಸಿ. ನೀರು ಕಾಲು ಲೋಟಕ್ಕೆ ಇಳಿಯಲಿ. ಸೋಸಿ, ಆರಲು ಬಿಡಿ. ಅದಕ್ಕೆ ಮೊಸರು, ಸಕ್ಕರೆ, ಎಣ್ಣೆ ಸೇರಿಸಿ ಕಲಸಿ. ಮೈದಾ ಮತ್ತು ಸೋಡ ಜರಡಿ ಹಿಡಿದು ಹಾಕಿ. ಇಡ್ಲಿ ಹಿಟ್ಟಿನ ಹದ ಬರಬೇಕು.

ಸೋಡಕ್ಕೆ ಹುಳಿ ತಾಗಿದರೆ ಗಾಳಿಗುಳ್ಳೆ ಏಳುತ್ತವೆ. ಅದರಿಂದಲೇ ಕೇಕು ಉಬ್ಬುತ್ತದೆ. ತಡ ಮಾಡಿದರೆ ಗುಳ್ಳೆ ಹೋಗುತ್ತದೆ, ಕೇಕು ಗಟ್ಟಿಯಾಗುತ್ತದೆ. ಕಲಸಿದ ಕೂಡಲೇ ಬೇಯಲು ಇಡಿ. ಸೋಡ ಹೆಚ್ಚಾದರೆ ಬಾಯಿಗೆ ಕಹಿ. ಕಣ್ಣಂದಾಜು ಬೇಡ. ಓದಿ, ಅಳೆದು ಹಾಕಿ.

ಇಡ್ಲಿ ತಟ್ಟೆಗೆ ಎಣ್ಣೆ ಸವರಿ. ತೂತು ಇದ್ದರೆ ಬಾಳೆ ಎಲೆ ಚೂರು ಹಾಸಿ. ಗುಳಿಯ ಮುಕ್ಕಾಲು ಭಾಗ ತುಂಬಿ. 15 ನಿಮಿಷ ಹಬೆಯಲ್ಲಿ ಬೇಯಿಸಿ. ಕಡ್ಡಿ ಚುಚ್ಚಿ ನೋಡಿ. ಹಿಟ್ಟು ಅಂಟದಿದ್ದರೆ ಬೆಂದಿದೆ. ಸುಮಾರು 12 ಕೇಕು ಆಗುತ್ತವೆ.

ದೊಡ್ಡ ಕೇಕು ಕೊಯ್ದು ಹಂಚಿದರೆ ಕೊನೆಯವಳಿಗೆ ಬರೀ ಚೂರು. ಆ ಕೊನೆಯವಳು ಯಾರು? ಮಾಡಿದವಳೇ! ಮನೆಯ ಊಟದಲ್ಲೂ ಹಾಗೇ ಅಲ್ವೇ? ಇಲ್ಲಿ ತಲೆಗೊಂದು ಕೇಕು. ತಟ್ಟೆಯಲ್ಲಿ ಎಣಿಸಿ ಇಡಿ. ಎಣಿಸುವಾಗ ನಿಮ್ಮನ್ನು ಮರೀಬೇಡಿ.