ಕಂಡಕ್ಟರ್ ಕೈಯ ಯಂತ್ರಕ್ಕೆ ಗೊತ್ತು, ಊರಿಗೆ ಗೊತ್ತಿಲ್ಲ

ಚೌಳಹಿರಿಯೂರಿನಿಂದ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಕಡೂರಿಗೆ ಹೊರಟ ಮಹಿಳೆ ಆಧಾರ್ ತೋರಿಸಿದರೆ ಸಾಕು, ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ. ದುಡ್ಡಿನ ಲೆಕ್ಕದಲ್ಲಿ ಅದು ಸೊನ್ನೆ. ಆದರೆ ಹತ್ತಿದ್ದೆಲ್ಲಿ, ಇಳಿಯುವುದೆಲ್ಲಿ, ಹೊತ್ತೆಷ್ಟು, ನಿಜವಾದ ದರವೆಷ್ಟು ಎಂಬುದೆಲ್ಲ ಯಂತ್ರದೊಳಗೆ ಕೂತುಬಿಡುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡಲು ಈ ಟಿಕೆಟ್ಟುಗಳೇ ಆಧಾರ. 2025ರ ಜುಲೈ ಹೊತ್ತಿಗೆ ಅಂಥ ಪ್ರಯಾಣಗಳು 500 ಕೋಟಿ ಮುಟ್ಟಿದವು.

1948ರ ಸೆಪ್ಟೆಂಬರ್‌ನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಇಲಾಖೆ ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಅಲ್ಲಿಂದ ದಶಕಗಳ ಕಾಲ ಪ್ರಯಾಣದ ಲೆಕ್ಕವೆಲ್ಲ ಕಂಡಕ್ಟರರ ಬೆರಳ ತುದಿಯಲ್ಲಿತ್ತು. ಬಣ್ಣಬಣ್ಣದ ಟಿಕೆಟ್ ಕಟ್ಟುಗಳು, ತೂತು ಹೊಡೆಯುವ ಪಂಚ್, ಸ್ಟೇಜು ಬಂದಾಗಲೆಲ್ಲ ವೇಬಿಲ್ಲಿಗೆ ಇಳಿಸಬೇಕಾದ ಟಿಕೆಟ್ ನಂಬರು. ಬಸ್ಸು ತುಂಬಿದ್ದರೆ ರಸ್ತೆ ಬದಿಗೆ ನಿಲ್ಲಿಸಿ, ಲೆಕ್ಕ ಮುಗಿಸಿದ ಮೇಲೇ 'ರೈಟ್' ಎನ್ನುತ್ತಿದ್ದರು. ಆ ವೇಬಿಲ್ ಡಿಪೋ ಸೇರಿ ಹಣಕ್ಕೆ ತಾಳೆಯಾದರೆ ಅಲ್ಲಿಗೆ ಮುಗಿಯಿತು. ಯಾವ ಊರಿನ ಎಷ್ಟು ಜನ ಯಾವ ಹೊತ್ತಿಗೆ ಓಡಾಡುತ್ತಾರೆಂದು ಅದರಿಂದ ಹೆಕ್ಕಿ ತೆಗೆಯುವ ವ್ಯವಧಾನ ಯಾರಿಗಿತ್ತು?

ಕೈಯಲ್ಲಿ ಹಿಡಿಯುವ ಟಿಕೆಟ್ ಯಂತ್ರ ಆ ಕಷ್ಟ ತಪ್ಪಿಸಿತು. 2012ರಲ್ಲಿ ವಿಶ್ವಬ್ಯಾಂಕ್ ನೆರವಿನೊಂದಿಗೆ ಮೈಸೂರಿನ ನಗರ ಬಸ್ಸುಗಳಿಗೆ ಜಿಪಿಎಸ್ ಬಂತು, ನಿಲ್ದಾಣಗಳಲ್ಲಿ ಬಸ್ಸು ಬರುವ ಸಮಯ ತೋರಿಸುವ ಫಲಕಗಳು ಬಂದವು. 2016ರಲ್ಲಿ ಬಿಎಂಟಿಸಿಯೂ ಅದೇ ದಾರಿ ಹಿಡಿಯಿತು. ಇತ್ತೀಚೆಗೆ ಯುಪಿಐ ಬಂದು ಚಿಲ್ಲರೆ ಜಗಳವೂ ತಗ್ಗಿದೆ.

ಯಂತ್ರ ಬಂದಷ್ಟು ಬೇಗ ಮಾಹಿತಿ ಊರಿಗೆ ಬರಲಿಲ್ಲ ಎಂಬುದೇ ನನ್ನ ತಕರಾರು. ಕಡೂರಿಗೆ ಬರುವ ರೈಲು ಎಲ್ಲಿದೆ, ಎಷ್ಟು ತಡ ಎಂದು ಮೊಬೈಲ್ ಹೇಳುತ್ತದೆ. ಆ ರೈಲಿಳಿದು ಹೋಬಳಿಗೆ ಹೋಗುವವರು ಮುಂದಿನ ಬಸ್ಸಿನ ಹೊತ್ತನ್ನು ಅಂಗಡಿಯವರನ್ನೇ ಕೇಳಬೇಕು.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಸಾರಿಗೆ ಸಂಸ್ಥೆ ಟ್ರೈಮೆಟ್ ಗೂಗಲ್ ಜೊತೆ ಕೂಡಿ ವೇಳಾಪಟ್ಟಿ ಹಂಚಿಕೊಳ್ಳುವ ಒಂದು ಮಾದರಿ ರೂಪಿಸಿತು. ಜಿಟಿಎಫ್‌ಎಸ್ ಎಂದು ಕರೆಯುವ ಅದು ಬರೀ ಅಕ್ಷರದ ಕಡತಗಳ ಕಟ್ಟು. ನಿಲ್ದಾಣಗಳ ಕಡತದಲ್ಲಿ ಚೌಳಹಿರಿಯೂರಿಗೆ ಒಂದೇ ಸಾಲು: ಒಂದು ಸಂಖ್ಯೆ, ಊರ ಹೆಸರು, ಅಕ್ಷಾಂಶ, ರೇಖಾಂಶ. ಇನ್ನೊಂದು ಕಡತದಲ್ಲಿ ಅದೇ ಸಂಖ್ಯೆಯ ಮುಂದೆ ಬಸ್ಸು ಬರುವ, ಹೊರಡುವ ಸಮಯ. ಇಷ್ಟಿದ್ದರೆ ಯಾವ ಆ್ಯಪ್ ಬೇಕಾದರೂ ಓದಿಕೊಳ್ಳುತ್ತದೆ. ದೆಹಲಿ ಸರ್ಕಾರ 2018ರಲ್ಲಿ ಬಸ್ಸುಗಳ ಇಂಥ ಮಾಹಿತಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಅಲ್ಲಿ ಆದದ್ದು ಕಡೂರು ತಾಲ್ಲೂಕಿಗೆ ಆಗಬಾರದೇಕೆ?

ಶೂನ್ಯ ಟಿಕೆಟ್ಟಿನ ದಾಖಲೆಯನ್ನೂ ಊರುವಾರು ಒಟ್ಟುಗೂಡಿಸಿ ಪ್ರಕಟಿಸಬೇಕು. ಯಾರ ಹೆಸರೂ ಬೇಡ, ಹೊತ್ತು ಮತ್ತು ಸಂಖ್ಯೆ ಸಾಕು. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲವೆಂದು ಹೆಣ್ಣುಮಕ್ಕಳು ಇನ್ನೊಂದು ಟ್ರಿಪ್ ಕೇಳಿದಾಗ, ಅರ್ಜಿಯ ಜೊತೆ ನಿಗಮದ್ದೇ ಅಂಕಿ ಇರುತ್ತದೆ.

ಶಕ್ತಿ ಅನ್ವಯಿಸದ ಖಾಸಗಿ ಬಸ್ಸುಗಳ ಪ್ರಯಾಣ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಆದರೆ ಅವುಗಳ ಮಾರ್ಗವೂ ವೇಳೆಯೂ ಪರ್ಮಿಟ್ ಕೊಡುವಾಗಲೇ ನಿಗದಿಯಾಗಿ ಸಾರಿಗೆ ಪ್ರಾಧಿಕಾರದ ಕಡತದಲ್ಲಿರುತ್ತವೆ. ನಿಗಮದ ವೇಳಾಪಟ್ಟಿಯ ಜೊತೆಗೆ ಅವನ್ನೂ ಹೊರತರಬೇಕು. ಕೆಂಪು ಬಸ್ಸು ತಪ್ಪಿದವರು ಕಾಯುವುದು ಆ ಬಸ್ಸಿಗೇ.