ರಾಯಚೂರು ಸೀಮೆಗೆ ಹೋದ ಹಿಂಗಾರ

ಧಾರಣೆ, ಗೊಬ್ಬರ, ಬೋರ್ಡೋ ದ್ರಾವಣ ಇವುಗಳ ವಿಷಯವನ್ನೇ ಓದಿ ಓದಿ ಬೇಸತ್ತಿರಬಹುದಾದ ಬೆಳೆಗಾರ ಬಂಧುಗಳು ಈ ಸಲ ಒಂದು ಮದುವೆಯ ಸಮಾಚಾರ ಕೇಳಬೇಕೆಂದು ವಿನಂತಿ. ಮದುವೆಯ ಊಟೋಪಚಾರದ ವರ್ಣನೆ ನಮ್ಮ ಉದ್ದೇಶವಲ್ಲ. ಮದುವೆಗೆ ಬೇಕಾದ ಹೂವನ್ನು ಆರಿಸುವುದು ಹೇಗೆ, ನಮ್ಮ ತೋಟದ ಗುರುತು ಅದರಲ್ಲಿ ಉಳಿಯುವಂತೆ ಮಾಡುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಚಾರ. ಹೂವಿಗೆಂದು ಈಚೆಗೆ ನಮ್ಮ ಸಣ್ಣ ಹಿಡುವಳಿದಾರರು ಮಾಡುತ್ತಿರುವ ಖರ್ಚನ್ನು ಕಂಡವರಿಗೆ ಇದು ತೀರ ಅಪ್ರಸ್ತುತವೆಂದು ತೋರಲಾರದು.

ಕೊಪ್ಪದ ಕಡೆಯ ನಮ್ಮ ಸದಸ್ಯರೊಬ್ಬರಿಗೆ ಎರಡೂವರೆ ಎಕರೆ ಅಡಿಕೆ, ಮೂರು ಎಕರೆ ಕಾಫಿ. ಮಗಳು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವಳು. ಆ ವಿಶ್ವವಿದ್ಯಾಲಯ 2009ರಲ್ಲಿ ಪ್ರತ್ಯೇಕವಾಗಿ ಆರಂಭವಾದ ಮೇಲೆ ನಮ್ಮ ಕಡೆಯ ಮಕ್ಕಳೂ ಅಲ್ಲಿಗೆ ಹೋಗುತ್ತಿದ್ದಾರೆ. ಅಲ್ಲಿಯೇ ಓದಿದ ದೇವದುರ್ಗದ ಹುಡುಗನೊಡನೆ ಸಂಬಂಧ ಕೂಡಿತು. ಹುಡುಗನ ಸೋದರಮಾವನ ಮನೆ ಮಾನ್ವಿ. ಆ ಸೀಮೆಯಲ್ಲಿ ಗಂಡಿನ ಮನೆಯಲ್ಲಿ ಮದುವೆ ಮಾಡುವ ಪದ್ಧತಿ ಇರುವುದರಿಂದ ದೇವದುರ್ಗದಲ್ಲಿ ಅಕ್ಕಿಕಾಳು, ಮರುದಿನ ಸಂಜೆ ರಾಯಚೂರು ನಗರದಲ್ಲಿ ಆರತಕ್ಷತೆ ಎಂದು ನಿಶ್ಚಯವಾಯಿತು. ತಿಂಗಳು ಚೈತ್ರ. ಅಂದರೆ ಏಪ್ರಿಲ್. ಕೃಷ್ಣಾ ತುಂಗಭದ್ರೆಗಳ ನಡುವಿನ ಆ ನೆಲದಲ್ಲಿ ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟುವುದು ಸಾಮಾನ್ಯ ಸಂಗತಿ.

ರಾಯಚೂರಿನ ಆರತಕ್ಷತೆಗೆ ಬೆಂಗಳೂರಿನಿಂದ ಆರ್ಕಿಡ್, ಕಾರ್ನೇಷನ್ ತರಿಸಿ ಮಂಟಪ ಕಟ್ಟಿಸುವ ಮಾತು ಮೊದಲು ಬಂತು. ಕೇಳಿದ ಮೊಬಲಗು ಒಂದು ಕ್ವಿಂಟಲ್ ರಾಶಿ ಅಡಿಕೆಯ ಹಣಕ್ಕೂ ಮಿಗಿಲಾಗಿತ್ತು. ಯಜಮಾನರು ಒಪ್ಪಿಕೊಳ್ಳುವ ಅಂಚಿನಲ್ಲಿದ್ದರು. ಮದುವೆಯ ಮನೆಯಲ್ಲಿ ಬೇಡ ಎನ್ನುವುದು ಕಷ್ಟ, ನಮಗೆಲ್ಲ ಗೊತ್ತಿರುವುದೇ. ಬೇಡವೆಂದವಳು ಮಗಳು. “ಅಪ್ಪಯ್ಯ, ನನಗೆ ನಮ್ಮ ತೋಟದ ಹೂವು ಇರಲಿ, ಅವರ ಊರಿನ ಹೂವು ಇರಲಿ. ಮೂರನೆಯದು ಯಾಕೆ?” ಎಂದಳಂತೆ. ಯಜಮಾನರು ಆ ಮಾತನ್ನು ಹಿಡಿದುಕೊಂಡು ಹೂವಿನ ಏರ್ಪಾಟನ್ನು ನಮ್ಮ ತಲೆಗೆ ಕಟ್ಟಿದರು.

ಹಾಗೆ ಕಟ್ಟಲು ಒಂದು ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ಮಾನ್ವಿಯಲ್ಲಿಯೇ ನಡೆದ ನಮ್ಮ ಬಂಧುಗಳ ಮದುವೆಗೆ ಗುಲಾಬಿ ಹಾರಗಳನ್ನು ಹಿಂದಿನ ಸಂಜೆ ಕಟ್ಟಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ವಾಹನದ ಹಿಂಭಾಗದಲ್ಲಿ ಬಾಳೆಗೊನೆಗಳ ಜೊತೆಗಿಟ್ಟು ಒಯ್ದವರು ನಾವು. ಅಲ್ಲಿ ಬಿಚ್ಚಿದಾಗ ಹೂವು ಬೆಂದ ಬಸಳೆಯಂತಾಗಿತ್ತು. ವರನ ಕೊರಳಿಗೆ ಕೊನೆಗೆ ಊರಿನ ಅಂಗಡಿಯ ಕಾಗದದ ಹಾರ ಬಿತ್ತು. ಆ ಲಜ್ಜೆ ಇನ್ನೂ ಆರಿಲ್ಲ. ತಪ್ಪು ಎರಡು. ಕಿತ್ತ ಹೂವೂ ಉಸಿರಾಡುತ್ತದೆ. ಗಾಳಿಯಾಡದ ಚೀಲದಲ್ಲಿ ಅದರ ಶಾಖ ಅಲ್ಲಿಯೇ ಸೇರಿ, ತೇವ ಬೆವೆತು, ದಳ ಕೊಳೆಯುತ್ತದೆ. ಇನ್ನು ಹಣ್ಣಾಗುತ್ತಿರುವ ಬಾಳೆಗೊನೆಯಿಂದ ಎಥಿಲೀನ್ ಎಂಬ ಅನಿಲ ಹೊರಡುತ್ತದೆ. ಕಾಯನ್ನು ಹಣ್ಣು ಮಾಡುವ ಆ ಅನಿಲವೇ ಹೂವಿಗೆ ಮುಪ್ಪು ತರುತ್ತದೆ. ಮದುವೆಗೆ ಹೊರಡುವ ನಮ್ಮವರು ಬಾಳೆಗೊನೆಯನ್ನೂ ಹೂವಿನ ಬುಟ್ಟಿಯನ್ನೂ ಒಟ್ಟಿಗೆ ಹೇರುವುದು ವಾಡಿಕೆ. ದಯವಿಟ್ಟು ಬೇರೆ ಬೇರೆ ವಾಹನದಲ್ಲಿಡಿ.

ಈ ಸಲ ತೋಟದಿಂದ ಒಯ್ಯತಕ್ಕದ್ದು ಯಾವುದು ಎಂದು ಕುಳಿತು ಯೋಚಿಸಿದೆವು. ಮದುವಣಗಿತ್ತಿಗೆ ಕಾಫಿ ಹೂವಿನ ಮೇಲೆ ಆಸೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡ ಬೆಳ್ಳಗಾಗುವ ಆ ನೋಟವನ್ನು ಬಿಟ್ಟು ಹೋಗುವ ಹುಡುಗಿಗೆ ಆಸೆ ಸಹಜವೇ. ಆದರೆ ಗಿಡದಲ್ಲಿಯೇ ಎರಡು ಮೂರು ದಿನ ನಿಲ್ಲುವ ಹೂವು ದಾರಿಯಲ್ಲಿ ಬಾಳುವುದೆಂತು? ಅಲ್ಲದೆ ಕಿತ್ತ ಪ್ರತಿ ಗೊಂಚಲೂ ಮುಂದಿನ ಕೊಯ್ಲಿನ ಹಣ್ಣು. ಅದರಿಂದ ಮನೆಯಲ್ಲಿ ಅರಿಶಿಣದ ದಿನ, ಹೇಗೂ ಚಿಗುರು ತೆಗೆಯಬೇಕಾಗಿದ್ದ ಗಿಡದ ಎರಡು ರೆಕ್ಕೆಗಳನ್ನು ಮುರಿದು ಜಡೆಗೆ ಮುಡಿಸಿದ್ದಾಯಿತು. ಕಾಫಿ ಹೂವಿನ ಪಾಲು ಅಷ್ಟೇ, ಮನೆಯ ಅಂಗಳದ ಆಚೆ ಅದು ಬರಲಿಲ್ಲ. ನೆರಳುಮರದ ಸೀತಾಳೆ ದಂಡೆಯನ್ನು ಕೀಳುವ ಮಾತೆತ್ತಿದ ಹುಡುಗರನ್ನು ಗದರಿಸಿ ಕೂರಿಸಿದೆವು. ಅದು ಮರದ ಮೇಲೆಯೇ ಚೆಂದ.

ಉಳಿದದ್ದು ಹಿಂಗಾರ. ಕೆಲವರು ಸಿಂಗಾರ ಎನ್ನುತ್ತೇವೆ, ತುಳುವರು ಪಿಂಗಾರ ಎನ್ನುತ್ತಾರೆ. ನಾಗರಪಂಚಮಿಗೂ ಭೂತಕೋಲಕ್ಕೂ ಕರಾವಳಿಯಲ್ಲಿ ಇದಿಲ್ಲದೆ ನಡೆಯದು. ಇದರ ಹೆಚ್ಚುಗಾರಿಕೆಯೆಂದರೆ ಪ್ರಕೃತಿಯೇ ಇದನ್ನು ಕಟ್ಟಿ ಕೊಟ್ಟಿದೆ. ಹೊಂಬಾಳೆ ಬಿರಿಯುವ ಎರಡು ಮೂರು ದಿನ ಮೊದಲು ಕೊಯ್ದರೆ ಒಳಗಿನ ಹೂಗೊಂಚಲು ಬಾಡದೆ ಕುಳಿತಿರುತ್ತದೆ. ಒದ್ದೆ ಗೋಣಿ ಸುತ್ತಿ, ಬೇಕಾದಲ್ಲಿ ಬೇಕಾದ ಹೊತ್ತಿಗೆ ಸೀಳಿ ತೆಗೆಯಬಹುದು. ಬಿರಿದು ಎರಡು ದಿನವಾದ ಹಿಂಗಾರ ಮಾತ್ರ ಪ್ರಯೋಜನವಿಲ್ಲ. ಎಳೆಗಳ ತುದಿಯ ಉದ್ದಕ್ಕೂ ಇರುವುದು ಗಂಡು ಹೂವು, ಅವು ಅರಳಿದಂತೆ ಉದುರುತ್ತಲೇ ಹೋಗುತ್ತವೆ. ಬುಡದಲ್ಲಿ ಕೂತ ಕೆಲವೇ ಹೆಣ್ಣು ಹೂವುಗಳು ನಮ್ಮ ಅಡಿಕೆ.

ಇಲ್ಲಿಯೇ ಬೆಳೆಗಾರನ ಹೊಟ್ಟೆ ಉರಿಯುವುದು. ಒಂದು ಹೊಂಬಾಳೆ ಕೊಯ್ದರೆ ಒಂದು ಗೊನೆ ಹೋಯಿತು. ಹನ್ನೆರಡು ಬೇಕೆಂದು ನಾವು ಹೇಳಿದಾಗ ಯಜಮಾನರು ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ ತೋಟ ಸುತ್ತಿ ಮರಗಳನ್ನು ಗುರುತು ಮಾಡಿದೆವು. ಬೀಜಕ್ಕೆ ಇಟ್ಟ ತಾಯಿಮರ ಮುಟ್ಟಲಿಲ್ಲ. ಹಳದಿ ಎಲೆ ರೋಗವಾಗಲಿ ಎಲೆಚುಕ್ಕೆಯಾಗಲಿ ಹತ್ತಿದ ಮರದ್ದು ಊರೂರಿಗೆ ಒಯ್ಯುವುದು ತರವಲ್ಲವೆಂದು ಬಿಟ್ಟೆವು. ಎತ್ತರಕ್ಕೆ ಹೋಗಿ ಫಸಲು ಇಳಿದ, ಮುಂದಿನ ವರ್ಷ ತೆಗೆಯಲೇಬೇಕಾದ ಮುದಿ ಮರಗಳಲ್ಲಿಯೇ ಹನ್ನೊಂದು ಸಿಕ್ಕವು. ಹನ್ನೆರಡನೆಯದಕ್ಕೆ ಯಜಮಾನರು ತಾವೇ ಮನೆಯ ಹಿಂದಿನ ಒಳ್ಳೆಯ ಮರವೊಂದನ್ನು ತೋರಿಸಿದರು. “ಇದನ್ನು ಅವಳು ಹುಟ್ಟಿದ ವರ್ಷ ನೆಟ್ಟಿದ್ದು” ಎಂದರು. ಫೈಬರ್ ದೋಟಿಯಿಂದ ಅದನ್ನು ಇಳಿಸಿದವರೂ ಅವರೇ.

ಈ ನಡುವೆ ದೂರವಾಣಿಯಲ್ಲಿ ಒಂದು ಪ್ರಹಸನ ನಡೆಯಿತು. “ಹೂವಿನ ಚಿಂತೆ ಬೇಡಿ ಬೀಗರೇ, ಹಿಂಗಾರ ನಾವೇ ತರುತ್ತೇವೆ” ಎಂದು ಯಜಮಾನರು ದೇವದುರ್ಗಕ್ಕೆ ತಿಳಿಸಿದರು. ಅತ್ತ ಕಡೆಯಿಂದ ಬಂದ ಉತ್ತರ: “ಹಿಂಗಾರಿ ಜ್ವಾಳ ನಮ್ಮ ಮನ್ಯಾಗ ಚೀಲಗಟ್ಟಲೆ ಬಿದ್ದದರಿ ಬೀಗರ, ನೀವ್ಯಾಕ ಅಷ್ಟು ದೂರದಿಂದ ಹೊತ್ಕೊಂಡು ಬರ್ತೀರಿ?” ಎರೆಭೂಮಿಯವರಿಗೆ ಹಿಂಗಾರಿ ಎಂದರೆ ಹಿಂಗಾರು ಹಂಗಾಮಿನ ಬಿಳಿಜೋಳ! ನಿಶ್ಚಯದಲ್ಲಿ ಎಲೆ ಅಡಿಕೆ ಬದಲಾಯಿಸಿದ ಬೀಗರು ಅಡಿಕೆಯ ಹೂವನ್ನು ಕಂಡವರಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಶಿವಮೊಗ್ಗ, ಹರಿಹರ, ಹರಪನಹಳ್ಳಿ, ಹೂವಿನ ಹಡಗಲಿ, ಹೊಸಪೇಟೆ, ಗಂಗಾವತಿ, ಸಿಂಧನೂರು, ಮಾನ್ವಿ. 400 ಕಿಲೋಮೀಟರಿಗೂ ಹೆಚ್ಚು. ಹೊಂಬಾಳೆಗಳನ್ನು ಒದ್ದೆ ಗೋಣಿಯಲ್ಲಿ, ವೀಳ್ಯದೆಲೆ ಮತ್ತು ಪಚ್ಚೆತೆನೆಯನ್ನು ನೀರಲ್ಲಿ ನೆನೆಸಿದ ಅಡಿಕೆ ಹಾಳೆಯ ಮಡಿಕೆಯಲ್ಲಿ ಇಟ್ಟಿದ್ದೆವು. ನಮ್ಮ ಹಿರಿಯರು ಮೊಸರನ್ನವನ್ನೂ ಹೂವನ್ನೂ ಕಟ್ಟುತ್ತಿದ್ದ ಆ ಹಾಳೆಗೆ ಸಮನಾದ ಪೆಟ್ಟಿಗೆ ಇನ್ನೂ ಬಂದಿಲ್ಲವೆಂದು ನಮ್ಮ ಅಭಿಪ್ರಾಯ. ತಂಪು ಹಿಡಿಯುತ್ತದೆ, ಬೆವರುವುದಿಲ್ಲ.

ಹೂವಿನ ಹಡಗಲಿಯ ಹೆಸರಿನಲ್ಲಿಯೇ ಹೂವಿದೆ. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ಹಂಪೆಗೆ ಹೂವು ಹೋಗುತ್ತಿತ್ತೆಂದು ಹೇಳಿಕೆ. 2021ರಿಂದ ಈ ತಾಲೂಕು ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿದೆ. ಇಲ್ಲಿಯ ಮಲ್ಲಿಗೆಗೆ, ಮೈಸೂರು ಮತ್ತು ಉಡುಪಿ ಮಲ್ಲಿಗೆಗಳಂತೆಯೇ, ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಉಡುಪಿ ಶಂಕರಪುರದ ಮಲ್ಲಿಗೆಯನ್ನೇ ತರಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಅಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಬಾಳೆನಾರಿನಲ್ಲಿ ಕಟ್ಟಿದ್ದು, ಅಂದ ಹೌದು. ಆದರೆ ಮದುವೆಯ ದಿನಗಳಲ್ಲಿ ಅಟ್ಟೆಯ ದರ ಕೇಳಿದರೆ ಎದೆ ನಡುಗುತ್ತದೆ, ಮೇಲಾಗಿ ನಮ್ಮ ದಾರಿ ಅತ್ತಲಲ್ಲ. ಹಡಗಲಿಯಲ್ಲಿ ಆ ಬೆಳಿಗ್ಗೆ ಕಿತ್ತ ಮೊಗ್ಗನ್ನು ಕೊಂಡೆವು.

ಮಲ್ಲಿಗೆಯ ಒಂದು ಸ್ವಭಾವವನ್ನು ಮದುವೆಯ ಮನೆಯವರು ಮರೆಯುತ್ತಾರೆ. ಅದು ಸಂಜೆಗೆ ಅರಳುವ ಹೂವು. ಮುಂಜಾನೆ ಕಿತ್ತ ಮೊಗ್ಗು ಅದೇ ಸಂಜೆ ಘಮಘಮಿಸುತ್ತದೆ, ಮರುದಿನದ ಮುಹೂರ್ತಕ್ಕೆ ಕಂದುತ್ತದೆ. ಆದುದರಿಂದ ಹಡಗಲಿಯ ಮೊಗ್ಗನ್ನು ಆ ರಾತ್ರಿಯ ದೇವರ ಕಾರ್ಯಕ್ಕೇ ಮುಗಿಸಬೇಕೆಂದು ಮೊದಲೇ ನಿರ್ಧರಿಸಿದ್ದೆವು. ಮುಹೂರ್ತಕ್ಕೆ ಬಿಸಿಲು ತಾಳುವ ಕಾಕಡ ಮತ್ತು ಕನಕಾಂಬರ. ಇವೆರಡಕ್ಕೂ ಸುವಾಸನೆ ಕಡಿಮೆ, ಆಯಸ್ಸು ಜಾಸ್ತಿ. ಸುವಾಸನೆಯ ಕೊರತೆಯನ್ನು ಪಚ್ಚೆತೆನೆ ತುಂಬಿತು.

ಮಾನ್ವಿಯಲ್ಲಿ ಸೋದರಮಾವನ ಮನೆಯವರು ಚಹಾ ಕೊಟ್ಟು, ತಮ್ಮ ಪಾಲಿನ ಅಲಂಕಾರವೆಂದು ಭತ್ತದ ತೆನೆಯ ತೋರಣವನ್ನು ವಾಹನಕ್ಕೇರಿಸಿದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಬೆಳೆ. ಹೂವಿಗೆ ಹೂವೇ ಆಗಬೇಕೆಂಬ ನಿಯಮವೇನಿದೆ?

ದೇವದುರ್ಗದಲ್ಲಿ ನಮಗೆ ಎದುರಾದವರು ಊರಿನ ಹೂಗಾರರು, ಎಪ್ಪತ್ತು ದಾಟಿದ ಅಜ್ಜ. ಆ ಸೀಮೆಯಲ್ಲಿ ಪತ್ರಿ, ಹೂವು, ಬಾಸಿಂಗ ಒದಗಿಸುವುದು ಹೂಗಾರರ ಪರಂಪರೆಯ ಕಾಯಕ. ಸುಗ್ಗಿಯಲ್ಲಿ ಅದಕ್ಕೆ ಆಯವೆಂದು ಕಾಳು ಸಲ್ಲುತ್ತಿತ್ತು. ಈಗ ಬಾಸಿಂಗ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ, ಮಂಟಪ ಗುತ್ತಿಗೆಗೆ ಹೋಗುತ್ತದೆ. “ನಮ್ಮನ್ನ ಕರೆಯೋದು ಬಾಸಿಂಗ ಕಟ್ಟಾಕಷ್ಟ ರಿ, ಉಳಿದದ್ದಕ್ಕ ಸಿಟಿ ಮಂದಿ ಬರತಾರ” ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ, ಆದರೂ ಯಜಮಾನರಿಗೆ ತಟ್ಟಿತು. ಬೆಂಗಳೂರಿಗೆ ಹೋಗಬೇಕಾಗಿದ್ದ ಹಣದ ಒಂದು ಭಾಗ ಇಲ್ಲಿಯೇ ಉಳಿಯಲೆಂದು ಹಂದರದ ಹೂಗೆಲಸವನ್ನೆಲ್ಲ ಅವರಿಗೇ ಒಪ್ಪಿಸಿದರು. ಅಜ್ಜ, ಇಬ್ಬರು ಮಕ್ಕಳು, ಸೊಸೆಯಂದಿರು ರಾತ್ರಿಯಿಡೀ ಕುಳಿತರು.

ಮೊದಲ ಹೊಂಬಾಳೆಯನ್ನು ಸೀಳಿದಾಗ ಸುತ್ತ ನೆರೆದವರ ಬೆರಗು ನೋಡಬೇಕಿತ್ತು. “ಇದೇನ್ರಿ, ಜ್ವಾಳದ ತೆನಿ ಇದ್ದಂಗ ಅದಲ್ರಿ!” ಎಂದು ಒಬ್ಬ ಹೆಂಗಸು ಮೂಸಿ ನೋಡಿದರು. ಅಜ್ಜ ಮಾತ್ರ ಹುಬ್ಬು ಗಂಟಿಕ್ಕಿ ಒಂದು ಎಳೆಯನ್ನು ಅಂಗೈಗೆ ಬಡಿದರು. ನಾಲ್ಕು ಹೂವು ಉದುರಿದವು. “ಮದಿಮಗಳ ಹಣಿ ಮ್ಯಾಲಿಂದ ಹೂ ಉದುರಬಾರದ್ರಿ” ಎಂದರು. ನಮ್ಮ ಮುಖ ಸಣ್ಣದಾಯಿತು. ಎರಡು, ಮೂರು, ನಾಲ್ಕನೆಯದನ್ನೂ ಹಾಗೆಯೇ ಪರೀಕ್ಷಿಸಿ ಬದಿಗಿಟ್ಟರು. ಮನೆಯ ಹಿಂದಿನ ಮರದ ಹೊಂಬಾಳೆ ಎಲ್ಲಕ್ಕಿಂತ ಎಳೆಯದು. ಸೀಳಿದಾಗ ಎಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು, ಬೆಣ್ಣೆಯ ಬಣ್ಣ. ಬಡಿದರು, ಉದುರಲಿಲ್ಲ. ಬೆಂಡಿನ ಬಾಸಿಂಗದ ಎರಡು ಅಂಚಿಗೂ ಅದರ ಎಳೆಗಳನ್ನು ಹೊಲಿದು, ನಡುವೆ ಬೀಗರ ಮನೆಯ ಬಿಳಿಜೋಳದ ಸಣ್ಣ ತೆನೆ ಕೂರಿಸಿದರು. ಹಿಂಗಾರವೂ ಹಿಂಗಾರಿಯೂ ಒಂದೇ ಬಾಸಿಂಗದಲ್ಲಿ! ಇದನ್ನು ನಾವು ಹೇಳಿಕೊಟ್ಟದ್ದಲ್ಲ, ಅವರಿಗೇ ಹೊಳೆದದ್ದು. ಉದುರುವ ಹಿಂಗಾರಗಳೆಲ್ಲ ಹಂದರದ ಕಂಬಗಳಿಗೆ ಹೋದವು. ಅಲ್ಲಿ ಉದುರಿದರೆ ಚೆಲ್ಲಿದ ಅಕ್ಷತೆಯಂತೆಯೇ ಕಂಡಿತು.

ಆರತಕ್ಷತೆಯ ದಿನ ಬೆಳಿಗ್ಗೆ ರಾಯಚೂರಿನಲ್ಲಿ ತೀನ್ ಕಂದೀಲ್ ಸುತ್ತಿನ ಹಳೆಯ ಪೇಟೆಯ ಕಡೆ ಹೋದೆವು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದ ಊರು. ಹೂವಿನಲ್ಲಿಯೂ ಆ ನೆನಪಿದೆ. ಒಬ್ಬ ಮುಸಲ್ಮಾನ ಕಸುಬುದಾರರು ಮಲ್ಲಿಗೆಯ ಸೆಹ್ರಾ ಕಟ್ಟುತ್ತಿದ್ದರು. ವರನ ಮುಖದ ಮುಂದೆ ಪರದೆಯಂತೆ ಇಳಿಬೀಳುವ ಸರಗಳು, ಪ್ರತಿ ಸರದ ತುದಿಗೊಂದು ಗುಲಾಬಿ. ವರನ ಎತ್ತರ, ಮುಖದ ಅಗಲ ಕೇಳಿಕೊಂಡೇ ಸರದ ಉದ್ದ ನಿರ್ಧರಿಸುತ್ತಾರಂತೆ. ನಮ್ಮ ವಧುವಿನ ಸಂಜೆಯ ಜಡೆಗೆ ಅವರಿಂದಲೇ ಸುಗಂಧರಾಜ ಕಟ್ಟಿಸಿದೆವು. ಪೋಣಿಸುವುದಕ್ಕೆ ಒಂಟಿ ದಳದ ಜಾತಿ, ಕುಂಡಕ್ಕೆ ದಂಟಿನ ಸಮೇತ ಜೋಡಿ ದಳದ್ದು, ಇದನ್ನು ಕೊಳ್ಳುವಾಗ ನೆನಪಿಡತಕ್ಕದ್ದು. ರಾತ್ರಿಗೆ ಕಂಪು ಹೆಚ್ಚುವ ಹೂವಾದ್ದರಿಂದ ಆರತಕ್ಷತೆಗೆ ಹೇಳಿಸಿದಂತಿತ್ತು. ಸೇವಂತಿಗೆ ಕೇಳಬೇಡಿ. ಅದು ಹಗಲು ಕಿರಿದಾದಾಗ ಹೂಬಿಡುವ ಗಿಡ, ಬೇಸಿಗೆಯಲ್ಲಿ ದೂರದಿಂದ ತರಿಸಿ ದುಬಾರಿಗೆ ಮಾರುತ್ತಾರೆ.

ವೇದಿಕೆಯ ಹಿಂದೆ ಥರ್ಮೋಕೋಲಿನ ಮೇಲೆ ಹೂವಿನಲ್ಲಿ ವಧೂವರರ ಹೆಸರು ಬರೆಸುವ ಚಾಳಿ ಅಲ್ಲಿಯೂ ಬಂದಿದೆ. ಹೆಸರು ಆಮಂತ್ರಣ ಪತ್ರಿಕೆಯಲ್ಲಿದ್ದರೆ ಸಾಲದೇ? ಹುಡುಗನ ಗೆಳೆಯರು ಬರೆಸಿಯೇ ಬಿಟ್ಟರು, ನಾವು ಸುಮ್ಮನಿದ್ದೆವು. ಯುವಕರ ಸಂತೋಷಕ್ಕೆ ಅಡ್ಡ ಬರುವಷ್ಟು ನಾವಿನ್ನೂ ಮುದಿಯಾಗಿಲ್ಲ.

ಲೆಕ್ಕ ಕೇಳುವವರಿಗೆ: ಹೂವಿನ ಒಟ್ಟು ಖರ್ಚು ಬೆಂಗಳೂರಿನವರು ಹೇಳಿದ್ದರ ಅರ್ಧವನ್ನೂ ಮುಟ್ಟಲಿಲ್ಲ, ಹನ್ನೆರಡು ಗೊನೆಗಳನ್ನು ಸೇರಿಸಿಕೊಂಡರೂ. ಹೂಗಾರ ಅಜ್ಜ ಬರಿದಾದ ಹೊಂಬಾಳೆಗಳನ್ನೆಲ್ಲ ಕೇಳಿ ಇಸಿದುಕೊಂಡರು, ಪತ್ರಿ ಇಡಲು ಬರುತ್ತವೆಯಂತೆ. ಬೀಗರು ಮುಂದಿನ ವರ್ಷ ತಮ್ಮ ಮಗಳ ಮದುವೆಗೆ ಆರು ಹೊಂಬಾಳೆ ಬೇಕೆಂದು ಈಗಲೇ ಹೇಳಿ ಕಳಿಸಿದ್ದಾರೆ. ಯಜಮಾನರು ಮರಗಳಿಗೆ ಸುಣ್ಣದ ಗುರುತು ಹಾಕಿ ಆಗಿದೆ.