ನಾಡೀಸಂಖ್ಯೆ: ಶಿಶುವಿನಲ್ಲಿಯೂ ಪ್ರೌಢನಲ್ಲಿಯೂ

ನಾಡಿಯೆಂಬ ಶಬ್ದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ವೈದ್ಯನಿಗೆ ಅದು ಕೈಯಲ್ಲಿ ಮಿಡಿಯುವ ಧಮನಿ. ಜ್ಯೌತಿಷಿಕನಿಗೆ ೨೪ ನಿಮಿಷಗಳ ಕಾಲಮಾನ. ಇದರ ಅರುವತ್ತನೆಯ ಅಂಶವೇ ವಿನಾಡಿ ಅಥವಾ ಪಳ, ಎಂದರೆ ೨೪ ಸೆಕೆಂಡು. ಒಂದು ಶಬ್ದದಲ್ಲಿ ಕೂಡಿದ ಈ ಎರಡರ್ಥಗಳನ್ನು ವೈದ್ಯದಲ್ಲಿಯೂ ಕೂಡಿಸಿ ನೋಡುವುದು ಲಾಭಕರವೆಂದು ತೋರುತ್ತದೆ.

ಶಾರ್ಙ್ಗಧರಸಂಹಿತೆಯು ಅಂಗುಷ್ಠಮೂಲದ ಧಮನಿಯನ್ನು ಜೀವಸಾಕ್ಷಿಣಿಯೆಂದು ಕರೆದು, ಅದರ ಗತಿಯನ್ನು ಜಿಗಣೆ, ಸರ್ಪ, ಕಪ್ಪೆ, ಹಂಸ ಮೊದಲಾದವುಗಳ ನಡೆಗೆ ಹೋಲಿಸುತ್ತದೆ. ಜ್ವರದಲ್ಲಿಯೂ ಕಾಮಕ್ರೋಧಗಳಲ್ಲಿಯೂ ನಾಡಿಗೆ ವೇಗವುಂಟೆಂಬುದು ಆ ಗ್ರಂಥಕಾರನಿಗೆ ಚೆನ್ನಾಗಿ ವಿದಿತವಾಗಿತ್ತು. ಆದರೆ ಅಲ್ಲಿ ಪ್ರಧಾನವಾದುದು ಗತಿಯ ಬಗೆಯೇ ಹೊರತು ಸಂಖ್ಯೆಯಲ್ಲ. ಕಾಲಯಂತ್ರದಿಂದ ಎಣಿಸುವ ಕ್ರಮವು ಯೂರೋಪಿನಲ್ಲಿ ಬೆಳೆಯಿತು. ಇಟಲಿಯ ಸ್ಯಾಂಕ್ಟೋರಿಯಸನು ಲೋಲಕವನ್ನು ಬಳಸಿದನು, ಆಂಗ್ಲವೈದ್ಯನಾದ ಜಾನ್ ಫ್ಲಾಯರನು ೧೭೦೭ರಲ್ಲಿ ನಾಡೀಗಡಿಯಾರದ ವಿಷಯವಾಗಿ ಗ್ರಂಥವನ್ನೇ ಪ್ರಕಟಿಸಿದನು.

ವಿಶ್ರಾಂತಿಯಲ್ಲಿರುವ ಪ್ರೌಢನ ಹೃದಯವು ನಿಮಿಷಕ್ಕೆ ೬೦ರಿಂದ ೧೦೦ ಸಲ ಮಿಡಿಯುವುದು ಸಹಜ. ಪಳದ ಲೆಕ್ಕದಲ್ಲಿ ಇದು ೨೪ರಿಂದ ೪೦. ವ್ಯಾಯಾಮದಲ್ಲಿ ಚೆನ್ನಾಗಿ ಪಳಗಿದವರಲ್ಲಿ ನಿಮಿಷಕ್ಕೆ ೪೦ರ ಸುಮಾರಿಗೆ ಇಳಿದರೂ ಅದು ರೋಗವಲ್ಲ. ಎಳೆಯ ಶಿಶುವಿನಲ್ಲಾದರೋ ಸಾಧಾರಣವಾಗಿ ೧೦೦ರಿಂದ ೧೬೦. ಅತ್ತರೆ ಇನ್ನೂ ಹೆಚ್ಚು, ಗಾಢನಿದ್ರೆಯಲ್ಲಿ ಕಡಮೆ. ವಯಸ್ಸು ಏರಿದಂತೆ ಸಂಖ್ಯೆಯು ಇಳಿಯುತ್ತ ಬಂದು ಹದಿಹರೆಯದಲ್ಲಿ ಪ್ರೌಢರ ಮಟ್ಟವನ್ನು ಸೇರುತ್ತದೆ.

ಈ ಭೇದಕ್ಕೆ ಕಾರಣವೇನು? ಪ್ರೌಢನ ಹೃದಯವು ಒಂದು ಮಿಡಿತಕ್ಕೆ ಸುಮಾರು ೭೦ ಮಿಲಿಲೀಟರು ರಕ್ತವನ್ನು ಹೊರದೂಡುವುದು. ನವಜಾತನ ಪುಟ್ಟ ಹೃದಯವು ನಾಲ್ಕೈದು ಮಿಲಿಲೀಟರನ್ನು ಮಾತ್ರ. ಇತ್ತ ಬೆಳೆಯುವ ಶರೀರಕ್ಕೆ, ತೂಕವನ್ನು ನೋಡಿದರೆ, ಪ್ರಾಣವಾಯುವಿನ ಬೇಡಿಕೆಯು ಪ್ರೌಢನಿಗಿಂತಲೂ ಅಧಿಕ. ಶಿಶುಹೃದಯವು ಒಂದೊಂದು ಮಿಡಿತದ ಪ್ರಮಾಣವನ್ನು ಬಹಳವಾಗಿ ಹೆಚ್ಚಿಸಲಾರದು. ಆದುದರಿಂದ ಸಂಖ್ಯೆಯಿಂದಲೇ ಕೊರತೆಯನ್ನು ತುಂಬಬೇಕು.

ಪ್ರೌಢರ ೭೨ ಎಂಬ ಪಾಠವೊಂದನ್ನೇ ಬಾಯಿಪಾಠಮಾಡಿದವನು ಇಲ್ಲಿ ಎರಡು ಬಗೆಯಾಗಿ ಎಡವುವನು. ಆರೋಗ್ಯವಂತ ಕೂಸಿನ ೧೪೦ನ್ನು ಕಂಡು ಅವನು ಹೆದರುವುದು ಹಾಸ್ಯಾಸ್ಪದವಷ್ಟೆ. ಆದರೆ ಈಗತಾನೆ ಹುಟ್ಟಿದ ಮಗುವಿನ ೭೦ನ್ನು ಎಣಿಸಿ, ತನ್ನದರಂತೆಯೇ ಇದೆಯೆಂದು ಸಮಾಧಾನಗೊಂಡರೆ, ಅದು ಪ್ರಾಣಕ್ಕೆ ಎರವು. ವರ್ಜೀನಿಯಾ ಅಪ್ಗಾರ್ ಎಂಬ ವೈದ್ಯೆಯು ೧೯೫೩ರಲ್ಲಿ ಪ್ರಕಟಿಸಿದ ನವಜಾತಪರೀಕ್ಷೆಯಲ್ಲಿ ೧೦೦ಕ್ಕೆ ಕೆಳಗಿನ ಮಿಡಿತಕ್ಕೆ ಪೂರ್ಣಾಂಕವಿಲ್ಲ. ಹುಟ್ಟಿದೊಡನೆ ಮಿಡಿತವು ೧೦೦ಕ್ಕಿಂತ ಕೆಳಗೇ ಉಳಿದರೆ ವೈದ್ಯರು ಮೊದಲು ಉಸಿರಾಟಕ್ಕೆ ನೆರವೀಯುವರು. ಅದರಿಂದಲೂ ೬೦ನ್ನು ಮುಟ್ಟದಿದ್ದರೆ ಎದೆಯನ್ನೂ ಒತ್ತುವರು. ಇನ್ನೊಂದು ಕೊನೆಯಲ್ಲಿ, ಸುಮ್ಮನೆ ಮಲಗಿರುವ ಶಿಶುವಿನಲ್ಲಿ ೨೨೦ನ್ನು ಮೀರಿದ ವೇಗವು ಹೃದಯದ ಲಯದೋಷವನ್ನು ಶಂಕಿಸಲು ಸಾಕಾದ ಕಾರಣ.

ಎಣಿಸುವ ಸ್ಥಾನವೂ ಬೇರೆ. ಕೂಸಿನ ಮಣಿಕಟ್ಟಿನಲ್ಲಿ ನಾಡಿಯು ಬೆರಳಿಗೆ ಸುಲಭವಾಗಿ ಸಿಕ್ಕದು. ತೋಳಿನ ಒಳಮೈಯಲ್ಲಿ ಮೊಣಕೈಗೂ ಹೆಗಲಿಗೂ ನಡುವೆ ಹುಡುಕಬೇಕು, ಇಲ್ಲವೆ ಎದೆಗೆ ನಳಿಕೆಯಿಟ್ಟು ಕೇಳಬೇಕು. ಪಳವೊಂದರ ಎಣಿಕೆಯನ್ನು ಎರಡೂವರೆಯಿಂದ ಗುಣಿಸಿದರೆ ನಿಮಿಷದ ಸಂಖ್ಯೆಯು ದೊರೆಯುವುದು ಸರಿಯೇ. ಆದರೆ ಶಿಶುವಿನ ಮಿಡಿತವು ಉಸಿರಿನೊಡನೆಯೂ ಅಳುವಿನೊಡನೆಯೂ ಏರಿಳಿಯುವುದರಿಂದ, ಅದು ಶಾಂತವಾಗಿರುವಾಗ ಪೂರ್ಣ ನಿಮಿಷವನ್ನೇ ಎಣಿಸತಕ್ಕದ್ದು.